ಸಂಪವ್ವನನ್ನು ಹುಡುಕಿದ್ದು

ಸೈಕಲ್ಲಿಗೆ ಗಾದಿ ಕಟ್ಟಿಕೊಂಡು ಬರುವ ಗಂಡಸಿನ ಜೊತೆ ಕಾಡಿಗೆ ಹೋಗಬಾರದು. ಟೆಂಟು ಕಟ್ಟಲಿ, ಚಾದರ ಕಟ್ಟಲಿ, ನನ್ನ ತಕರಾರಿಲ್ಲ. ಕಾಶಿನಾಥ ತಂದಿದ್ದು ನಾಲ್ಕು ಇಂಚು ದಪ್ಪದ ಸ್ಪಂಜಿನ ಗಾದಿ. ಅದನ್ನು ಸುರುಳಿ ಸುತ್ತಿ, ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕ್ಯಾರಿಯರ್ ಮೇಲೆ ಕೂರಿಸಿದ್ದ. ಬೆಳಗಿನ ಐದೂವರೆಗೆ ಗೋಕಾಕದ ನಮ್ಮ ಮನೆಯ ಮುಂದೆ ಬಂದು ನಿಂತಾಗ, ಹಾಲು ಹಾಕಲು ಬಂದವನು ಗಾದಿ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ.

ನಾವು ಮೂವರೂ ಮೇಲವಂಕಿಯಲ್ಲಿ ಒಂದೇ ವರ್ಗದಲ್ಲಿ ಕಲಿತವರು. ನಾನು ಶೋಭಾ, ಈಗ ಗೋಕಾಕದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಹದಿನಾಲ್ಕು ವರ್ಷ ಸೀಟಿ ಊದಿ ಊದಿ ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿದೆ. ಕಾಶಿನಾಥನಿಗೆ ಮೂಡಲಗಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಮಹಾಂತೇಶ ಮಮದಾಪುರದವನು, ದನದ ದವಾಖಾನೆಯಲ್ಲಿ ಕೆಲಸ. ಎಮ್ಮೆಗಳ ಜೊತೆ ತಾಸುಗಟ್ಟಲೆ ಮಾತಾಡುತ್ತಾನೆ. ಮನುಷ್ಯರು ನಾಲ್ಕು ಮಂದಿ ಕೂಡಿದರೆ ಮಾತ್ರ ಬಾಯಿಗೆ ಬೀಗ ಬೀಳುತ್ತದೆ.

ಮೂರು ದಿನದ ಸೈಕಲ್ ಪ್ರವಾಸದ ಬಗ್ಗೆ ಮೂರು ತಿಂಗಳಿಂದ ಮಾತಾಡಿಕೊಂಡಿದ್ದೆವು. ಮೊದಲ ದಿನ ಕಾಡು, ಎರಡನೆಯ ದಿನ ಹಿಡಕಲ್ಲಿನ ಹಿನ್ನೀರು, ಮೂರನೆಯ ದಿನ ಮೈಕೈ ನೋವು. ಅಷ್ಟರಲ್ಲಿ ಮಹಾಂತೇಶನ ಹೆಂಡತಿ ಸಪ್ನಾಳಿಗೆ ಏಳು ತಿಂಗಳು ತುಂಬಿ, ಹಸಿರು ಸೀರೆ ಉಡಿಸಿ ಉಡಿ ತುಂಬುವ ಕುಬಸದ ದಿನ ಗೊತ್ತಾಯಿತು. ಅದು ಬಂದು ಬಿದ್ದದ್ದು ಸರಿಯಾಗಿ ನಮ್ಮ ಮೊದಲ ದಿನದ ಮೇಲೆಯೇ. ಕುಬಸ ಅವಳ ತವರಾದ ಬೆಲ್ಲದ ಬಾಗೇವಾಡಿಯಲ್ಲಿ, ಸಂಜೆ ಐದರ ಮೇಲೆ. ಡಾಂಬರು ರಸ್ತೆ ಹಿಡಿದರೆ ಗೋಕಾಕದಿಂದ ಎರಡು ತಾಸಿನ ದಾರಿ. ನಾವು ಕಾಡು ಸುತ್ತಿ ಸಂಜೆಗೆ ಅಲ್ಲಿ ಮುಟ್ಟುವುದೆಂದು ನಿಶ್ಚಯಿಸಿದೆವು. ಬಂದರೆ ಸಾಕು, ಯಾವ ದಾರಿಯಿಂದಲಾದರೂ ಬರಲಿ ಎಂದಿದ್ದಳು ಸಪ್ನಾ. ಆದರೆ ಅವಳದೊಂದು ಕರಾರಿತ್ತು.

ಕರಾರು ತಿಳಿಯಬೇಕಾದರೆ ಮಹಾಂತೇಶನ ಮದುವೆಯ ಕಥೆ ಹೇಳಬೇಕು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಸುಮ್ಮನೆ ಹೇಳುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ನೆರೆದವರ ಮುಂದೆ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯ ಹಿಂದಿನ ದಿನ ಮಹಾಂತೇಶ ತನ್ನ ಅಕ್ಕನ ಹತ್ತಿರ ಕೂತು ಒಂದು ಒಡಪನ್ನು ಬಾಯಿಪಾಠ ಮಾಡಿದ್ದ. ಅಕ್ಕ ಹೇಳಿಕೊಟ್ಟದ್ದು ಹೆಂಗಸರು ಹೇಳುವ ಒಡಪು; ಹೆಸರು ಬದಲಿಸಿಕೊಳ್ಳುವಷ್ಟು ಬುದ್ಧಿ ತಮ್ಮನಿಗೆ ಇದ್ದೀತು ಎಂದುಕೊಂಡಿದ್ದಳು ಪಾಪ. ಮರುದಿನ ಹೊಸ್ತಿಲಲ್ಲಿ ನೂರು ಮಂದಿಯ ಮುಂದೆ ಇವನು ಕಣ್ಣು ಮುಚ್ಚಿ ಒಪ್ಪಿಸಿದ:

"ತಾಮ್ರದ ತಂಬಿಗ್ಯಾಗ ತಣ್ಣೀರ ತುಂಬೇನಿ,
ಮಹಾಂತೇಶರಾಯರನ್ನ ಗಂಡ ಅಂತ ನಂಬೇನಿ."

ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ಸಪ್ನಾಳ ಸೋದರತ್ತೆ ಶೆಟ್ಟೆವ್ವನಂತೂ ಅವತ್ತಿನಿಂದ ಇವನನ್ನು ಕಂಡಾಗಲೆಲ್ಲ ನಿನ್ನ ಗಂಡ ಮಹಾಂತೇಶ ಆರಾಮ ಇದ್ದಾನೆಯೇ ಎಂದು ವಿಚಾರಿಸುತ್ತಾಳೆ. ಇವನು ಆಮೇಲೆ ಹೆಂಡತಿಯ ಹೆಸರಿನ ಗೊಡವೆಗೇ ಹೋಗಲಿಲ್ಲ. ಮನೆಯಲ್ಲಿ "ಕೇಳಿಲ್ಲಿ" ಎನ್ನುತ್ತಾನೆ, ಮಂದಿಯ ಮುಂದೆ "ನಮ್ಮಾಕಿ" ಎನ್ನುತ್ತಾನೆ. ಸಪ್ನಾ ಹಿಂದಿನ ವಾರ ಫೋನಿನಲ್ಲಿ ಮೆತ್ತಗೆ ಹೇಳಿದ್ದಳಂತೆ:

"ಮದಿವ್ಯಾಗಿ ಎರಡ ವರ್ಷ ಆತು. ನಿಮ್ಮ ಬಾಯಾಗ ನನ್ನ ಹೆಸರ ಒಮ್ಮೆನೂ ಕೇಳಿಲ್ಲ ನಾ. ಕುಬಸದಾಗರ ಎಲ್ಲಾರ ಮುಂದ ಹೇಳ್ರಿ."

ಹೇಳದಿದ್ದರೆ ಏನು ಮಾಡುತ್ತಾಳೆ ಎಂದು ಕಾಶಿನಾಥ ಕೇಳಿದ. ಏನೂ ಮಾಡುವುದಿಲ್ಲ, ಅದೇ ತ್ರಾಸು ಎಂದ ಮಹಾಂತೇಶ. ಅವನ ಮುಖ ನೋಡಿ ನನಗೆ ಖರೆಯಾಗಿಯೂ ಕೆಟ್ಟೆನಿಸಿತು. ನಾನು ಹೇಳಿದೆ, ಸಂಜೆಯೊಳಗೆ ನಿನ್ನನ್ನು ತಯಾರು ಮಾಡುವ ಜವಾಬ್ದಾರಿ ನನ್ನದು. ಜವಾಬ್ದಾರಿ ಎನ್ನುವ ಮಾತನ್ನು ನಾನು ಯಾವತ್ತು ಆಡಿದರೂ ಏನಾದರೊಂದು ಅನಾಹುತ ಆಗುತ್ತದೆ.

ಯೋಗಿಕೊಳ್ಳದ ಕಡೆಯಿಂದ ಗುಡ್ಡ ಏರಿದೆವು. ಸೈಕಲ್ಲು ನಮ್ಮನ್ನು ಏರಿಸಲಿಲ್ಲ, ನಾವು ಸೈಕಲ್ಲನ್ನು ಏರಿಸಿದೆವು. ಕುರಿ ನಡೆದು ಮಾಡಿದ ದಾರಿ, ಎರಡೂ ಬಾಜೂ ಕಾರಿಕಂಟಿಯ ಮುಳ್ಳುಪೊದೆ ಮತ್ತು ಜಾಲಿ. ನಾನು ಆನ್‌ಲೈನಿನಲ್ಲಿ ತರಿಸಿದ್ದ, ಮುಳ್ಳು ಹೋಗುವುದಿಲ್ಲ ಎಂದು ಬರೆದಿದ್ದ ಟಯರಿಗೆ ಮೊದಲನೆಯ ತಾಸಿನಲ್ಲೇ ಎರಡು ಮುಳ್ಳು ಹೋದವು. ಕಾಶಿನಾಥನ ಟಯರು ಅವರಪ್ಪನ ಕಾಲದ್ದು, ಅದಕ್ಕೆ ಏನೂ ಆಗಲಿಲ್ಲ. ಅವನು ಇದನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ನೆನಪಿಸಿದ. ಇಳಿಜಾರಿನಲ್ಲಿ ಗಾದಿ ಒಮ್ಮೆ ಬಿಚ್ಚಿಕೊಂಡು ತಾನೇ ಮುಂದೆ ಉರುಳಿಹೋದಾಗ ಮಾತ್ರ ನನಗೆ ಸ್ವಲ್ಪ ಸಮಾಧಾನವಾಯಿತು.

ಒಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಒಡಪು ಕಟ್ಟಲು ಕೂತೆವು. ಮಹಾಂತೇಶ ತಾನೇ ಒಂದನ್ನು ಬರೆದುಕೊಂಡು ಬಂದಿದ್ದ. ಅದು "ಎಮ್ಮಿಗೆ ಕರು ಚೆಂದ" ಎಂದು ಶುರುವಾಗುತ್ತಿತ್ತು. ನಾನು ಅಲ್ಲಿಗೇ ನಿಲ್ಲಿಸಿದೆ. ಬಸುರಿಯ ಮುಂದೆ ಎಮ್ಮೆಯಿಂದ ಹೊರಟ ಒಡಪು ಎಲ್ಲಿಗೆ ಹೋಗಿ ಮುಟ್ಟಿದರೂ ಕ್ಷೇಮವಲ್ಲ. ಕಾಶಿನಾಥ ತೊಡೆ ತಟ್ಟಿಕೊಂಡು ತನ್ನದನ್ನು ಹೇಳಿದ:

"ಹತ್ತ ಎಚ್‌ಪಿ ಮೋಟರಿಗೆ ತಾಮ್ರದ ತಂತಿ,
ಸಪ್ನಾ ಮನ್ಯಾಗಿದ್ರ ನನಗ್ಯಾತರ ಚಿಂತಿ."

ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಆದರೆ ಕಾಶಿನಾಥನನ್ನು ಹೊಗಳಿದರೆ ಅವನು ನಿಲ್ಲುವುದಿಲ್ಲ ಎಂದು ಸುಮ್ಮನಿದ್ದೆ. ಸುಮ್ಮನಿದ್ದರೂ ನಿಲ್ಲಲಿಲ್ಲ. ಬೋರು, ಪೈಪು, ಸ್ಟಾರ್ಟರು, ಫ್ಯೂಜು, ಒಂದೊಂದಕ್ಕೂ ಒಂದೊಂದು ಕಟ್ಟಿದ. ಕೊನೆಗೆ ನಮ್ಮ ಅಜ್ಜಿ ಹೇಳುತ್ತಿದ್ದ ಧಾಟಿಯಲ್ಲಿ ನಾನೇ ಒಂದನ್ನು ಕಟ್ಟಿಕೊಟ್ಟೆ:

"ಗುಡ್ಡ ಏರಿ ಬಂದೇನಿ, ಹಳ್ಳ ದಾಟಿ ಬಂದೇನಿ,
ಸಪ್ನಾನ ಹೆಸರ ಬಾಯಾಗ ಹಿಡಕೊಂಡ ಬಂದೇನಿ."

ಮಹಾಂತೇಶ ನಾಲ್ಕು ಸಲದಲ್ಲಿ ಕಲಿತ. ಆದರೆ ಹೆಸರಿನ ಹತ್ತಿರ ಬಂದ ಕೂಡಲೇ ಅವನ ದನಿ ಬಾವಿಗೆ ಬಿದ್ದ ಕೊಡದ ಹಾಗೆ ಮುಳುಗುತ್ತಿತ್ತು. ಇಬ್ಬರ ಮುಂದೆ ಹೀಗಾದರೆ ಮನೆ ತುಂಬ ಹೆಂಗಸರ ಮುಂದೆ ಏನು ಗತಿ? ಮೊದಲ ಸಲ ಕಬಡ್ಡಿಗೆ ಇಳಿಯುವ ಹುಡುಗಿಯರಿಗೆ ನಾನು ಹೇಳುವ ಉಪಾಯವನ್ನೇ ಇವನಿಗೂ ಹೇಳಿದೆ. ಹೆದರಿಕೆ ಇರುವುದು ಗಂಟಲಿನಲ್ಲಿ, ಒದರಿದರೆ ಹೊರಗೆ ಬೀಳುತ್ತದೆ. ಮೇಲೆ ಬಂಡೆಯ ತನಕ ಹೋಗು, ಆಚೆಯ ಗುಡ್ಡಕ್ಕೆ ಕೇಳುವ ಹಾಗೆ ಅವಳ ಹೆಸರನ್ನು ಐವತ್ತು ಸಲ ಕೂಗು. ಇದು ನನ್ನದೇ ಉಪಾಯ, ಮುಂದಿನದಕ್ಕೆಲ್ಲ ನಾನೇ ಕಾರಣ, ಒಪ್ಪಿಕೊಳ್ಳುತ್ತೇನೆ.

ಅವರಿಬ್ಬರೂ ಬಂಡೆ ಹತ್ತಿದರು. ನಾನು ಕೆಳಗೆ ನನ್ನ ಮೂರನೆಯ ಪಂಕ್ಚರ್ ತೆಗೆಯುತ್ತಿದ್ದೆ. ಮೇಲೆ ನಡೆದದ್ದು ನನಗೆ ಆಮೇಲೆ ತಿಳಿದದ್ದು.

ಮೊದಲ ಹತ್ತು ಸಲ ಮಹಾಂತೇಶನ ದನಿ ಬಂಡೆಯಿಂದ ಕೆಳಗೇ ಇಳಿಯಲಿಲ್ಲವಂತೆ. ಹದಿನೈದಕ್ಕೆ ಬಿಚ್ಚಿತು. ಇಪ್ಪತ್ತಕ್ಕೆ ಆಚೆಯ ಗುಡ್ಡ ಓಗೊಟ್ಟಿತು. ಆದರೆ ಗುಡ್ಡ "ಸಪ್ನಾ" ಎನ್ನಲಿಲ್ಲ, "ಸಂಪವ್ವಾ" ಎಂದಿತು. ಹಳೆಯ ಗುಡ್ಡ, ಹೊಸ ಕಾಲದ ಹೆಸರು ಅದರ ಬಾಯಲ್ಲಿ ಹೊರಳುವುದಿಲ್ಲ ಎಂದು ಕಾಶಿನಾಥ ವಿವರಿಸಿದ. ಐವತ್ತು ಮುಗಿಯುವ ಹೊತ್ತಿಗೆ ಗುಡ್ಡ "ಯಾವ ಸೀರೀ?" ಎಂದು ಕೇಳಿತು. ಆಗ ಇಬ್ಬರಿಗೂ ಅಲ್ಲಿ ಯಾರೋ ಮನುಷ್ಯ ಇದ್ದಾನೆ ಎಂದು ಹೊಳೆಯಿತು. ಅದಕ್ಕಿಂತ ಹೆಚ್ಚಿನದೇನೂ ಹೊಳೆಯಲಿಲ್ಲ.

ಯಾರಾದರೂ ಕೇಳಿದರೆ ಉತ್ತರ ಕೊಡಬೇಕು ಎಂಬುದು ಮಹಾಂತೇಶನ ಸಂಸ್ಕಾರ. ಕುಬಸದ ಸುದ್ದಿ ಈ ಗುಡ್ಡಕ್ಕೂ ಮುಟ್ಟಿದೆ, ಪುಣ್ಯಾತ್ಮ ಅಷ್ಟು ದೂರದಿಂದ ಕಾಳಜಿ ಮಾಡುತ್ತಿದ್ದಾನೆ ಎಂದುಕೊಂಡ. ಹಸಿರು ಸೀರೆ ಎಂದು ಕೂಗಿದ. ಯಾವ ಊರಾಕಿ ಎಂದು ಬಂತು. ಬೆಲ್ಲದ ಬಾಗೇವಾಡಿ ಎಂದ. ಸಣ್ಣಾಕ್ಯೋ ದೊಡ್ಡಾಕ್ಯೋ ಎಂದು ಬಂತು. ಏಳು ತಿಂಗಳ ಬಸುರಿ ಎಂದ. ಆಮೇಲೆ "ಹೆದರಬ್ಯಾಡ್ರೀ, ನಾವ ಅದೀವಿ" ಎಂದು ಕೇಳಿಸಿತು. ಎಂಥ ಒಳ್ಳೆಯ ಮಂದಿ ಇದ್ದಾರೆ ನಮ್ಮ ಕಡೆ ಎಂದು ಮಾತಾಡಿಕೊಳ್ಳುತ್ತ ಇಬ್ಬರೂ ಇಳಿದು ಬಂದರು. ನನಗೆ ಹೇಳಿದ್ದು ಇಷ್ಟೇ: ಐವತ್ತು ಆಯಿತು, ಹೆದರಿಕೆ ಹೋಯಿತು.

ಖರೆ ಹೇಳಬೇಕೆಂದರೆ ಹೋಗಿತ್ತು. ಮುಂದಿನ ಎರಡು ತಾಸು ಮಹಾಂತೇಶ ಸೈಕಲ್ ತುಳಿಯುತ್ತ ಒಡಪನ್ನು ಹಾಡಿನ ಹಾಗೆ ಹೇಳಿಕೊಂಡು ಬಂದ. ಎಲೆ ಉದುರಿದ ಕಾಡು, ಯಾವ ವಾಹನದ ಸದ್ದೂ ಇಲ್ಲ, ನವಿಲೊಂದು ನಮ್ಮ ಗಾದಿಯನ್ನು ಕಂಡು ಬೆಚ್ಚಿ ಹಾರಿತು. ಇವನು ಸಂಜೆ ಗೆದ್ದೇ ಗೆಲ್ಲುತ್ತಾನೆ ಎಂದು ನನಗೆ ಹೆಮ್ಮೆಯಾಯಿತು.

ಒಂದು ಗಂಟೆಯ ಸುಮಾರಿಗೆ ಗುಡ್ಡ ಇಳಿದು ಒಂದು ಹಳ್ಳದ ದಂಡೆಗೆ ಬಂದೆವು. ಅಲ್ಲೊಂದು ಟ್ರ್ಯಾಕ್ಟರ್ ನಿಂತಿತ್ತು, ಟ್ರಾಲಿಯ ತುಂಬ ಮಂದಿ. ಕೈಯಲ್ಲಿ ಕೋಲು, ಕೊಡಲಿ, ನೀರಿನ ಕೊಡ. ಮುಂದೆ ಇದ್ದವನು ಅರ್ಜುನ ಎಂಬ ತರುಣ, ಹತ್ತಿರದ ಹಳ್ಳಿಯವನು. ಕಬ್ಬಿನ ಕೆಲಸ ಬಿಟ್ಟು ಓಡಿ ಬಂದಿದ್ದೇವೆ ಎಂದ. ಸಂಪವ್ವ ಎಂಬ ಬಸುರಿ ಹೆಣ್ಣುಮಗಳು ಅಡವಿಯಲ್ಲಿ ದಾರಿ ತಪ್ಪಿದ್ದಾಳಂತೆ, ನೀವೂ ಹುಡುಕಲು ಬರ್ರಿ ಎಂದು ಕರೆದ.

ಸಂಪವ್ವ ಎಂಬ ಹೆಸರು ಕೇಳಿದಾಗಲಾದರೂ ಈ ಇಬ್ಬರ ತಲೆಯಲ್ಲಿ ಗಂಟೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಬದಲಿಗೆ ಮಹಾಂತೇಶ ಎಲ್ಲರಿಗಿಂತ ಮೊದಲು ಸೈಕಲ್ ಒಗೆದು ಕಂಟಿಯೊಳಗೆ ನುಗ್ಗಿದ. ತಪ್ಪಿಸಿಕೊಂಡ ದನ ಹುಡುಕಿ ರೂಢಿಯಿದ್ದವನು. ಕೊರಕಲು, ಪೊದೆ, ಬಂಡೆಸಂದಿ, ಒಂದನ್ನೂ ಬಿಡದೆ ಹುಡುಕಿದ. ಬೆಳಿಗ್ಗೆ ಬಿಚ್ಚಿದ ದನಿಯನ್ನು ಪೂರ್ತಿ ಬಳಸಿದ. "ಸಂಪವ್ವಾ, ಸಂಪವ್ವಾ" ಎಂದು ಅವನು ಒದರಿದ್ದು ಹಳ್ಳದ ಆ ತುದಿಯವರಿಗೂ ಕೇಳುತ್ತಿತ್ತು. ನಡುವೆ ನಿಂತು ಕಣ್ಣಲ್ಲಿ ನೀರು ತಂದುಕೊಂಡು ನನಗೆ ಹೇಳಿದ:

"ಎಂಥಾ ಗಂಡ ಇರಬೇಕ ಅವಾ? ಬಸರಿ ಹೆಂಡ್ತೀನ ಅಡವ್ಯಾಗ ಬಿಟ್ಟ ಎಲ್ಲಿ ತಿರಗಾಕತ್ತಾನೋ ಏನೋ."

ಸಿಕ್ಕರೆ ಅವನ ಕಾಲು ಮುರಿಯುತ್ತೇನೆ ಎಂದೆ ನಾನು. ಈ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ.

ಒಂದೂವರೆ ತಾಸು ಕಳೆಯಿತು. ಆಗ ಗುಡ್ಡದ ಕಡೆಯಿಂದ ಮಾಲಿಂಗಪ್ಪ ಬಂದ. ಹೆಗಲಿಗೆ ಕಂಬಳಿ, ಬಾಯಲ್ಲಿ ಎಲೆಅಡಿಕೆ, ಕುರಿ ಕಾಯುವವನು, ಮಂದೆಯನ್ನು ಜೊತೆಗಾರನಿಗೆ ಒಪ್ಪಿಸಿ ಬಂದಿದ್ದ. ರೇಂಜು ಸಿಗುವ ಬಂಡೆ ಹುಡುಕಿ ಅರ್ಜುನನಿಗೆ ಫೋನು ಮಾಡಿದವನು ಇವನೇ. ಮಹಾಂತೇಶನ ದನಿಯ ಗುರುತು ಹಿಡಿದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ದುಃಖ ಮಾಡಬೇಡ, ಹಸಿರು ಸೀರೆಯಾಕೆ ಸಿಗುತ್ತಾಳೆ, ಬೆಲ್ಲದ ಬಾಗೇವಾಡಿಗೂ ಸುದ್ದಿ ಕಳಿಸಿದ್ದೇವೆ ಎಂದು ಸಮಾಧಾನ ಹೇಳಿದ.

ನಾನು ಮಹಾಂತೇಶನ ಮುಖ ನೋಡಿದೆ. ಮಹಾಂತೇಶ ಕಾಶಿನಾಥನ ಮುಖ ನೋಡಿದ. ಕಾಶಿನಾಥ ಗುಡ್ಡದ ಕಡೆ ನೋಡಿದ.

ಅದೇ ಹೊತ್ತಿಗೆ ಅರ್ಜುನನಿಗೆ ಫೋನು ಬಂತು. ಬಾಗೇವಾಡಿಯ ಅವನ ಗೆಳೆಯ ಸಂಪವ್ವನನ್ನು ವಿಚಾರಿಸುತ್ತ ಮನೆಯಿಂದ ಮನೆಗೆ ಹೋಗಿ, ಕೊನೆಗೆ ಹೆಂಗಸರು ಕೂಡಿದ ಕುಬಸದ ಮನೆಗೇ ಮುಟ್ಟಿದ್ದ. ಅಲ್ಲಿ ಶೆಟ್ಟೆವ್ವ ಅವನ ಕೈಯಿಂದ ಫೋನು ಕಸಿದುಕೊಂಡಿದ್ದಳು. ಅರ್ಜುನ ಸ್ಪೀಕರ್ ಹಾಕಿದ.

"ನಮ್ಮೂರಾಗ ಸಂಪವ್ವಾರು ಮೂರ ಮಂದಿ ಅದಾರ," ಎಂದಳು ಶೆಟ್ಟೆವ್ವ. "ಮೂವರಿಗೂ ಎಪ್ಪತ್ತ ದಾಟೇತಿ. ಯಾರೂ ಬಸರ್ಯಾಗಿಲ್ಲ. ಏಳ ತಿಂಗಳಾಕಿ ಅಂದ್ರ ನಮ್ಮ ಸಪ್ನಾ ಒಬ್ಬಾಕಿ. ಆಕಿ ಇಲ್ಲೇ ಕುಂತ ಬಳಿ ಇಡಿಸಿಕೊಳ್ಳಾಕತ್ತಾಳ."

ನಾನು ಇವರಿಬ್ಬರ ಬಾಯಿ ಬಿಡಿಸಿ, ಆ ಫೋನಿಗೂ, ಆಮೇಲೆ ಟ್ರಾಲಿಯ ಹನ್ನೊಂದು ಮಂದಿಗೂ ನಡೆದದ್ದನ್ನೆಲ್ಲ ಹೇಳಿದೆ. ಒದರಲು ಹೇಳಿದವಳು ನಾನು ಎಂದೂ ಹೇಳಿದೆ. ಕೋಲು ಕೊಡಲಿಗಳು ಅವರ ಕೈಯಲ್ಲೇ ಇದ್ದವು. ಕುಬಸದ ಮನೆಗೆಂದು ಕಟ್ಟಿಕೊಂಡಿದ್ದ ಎರಡು ಕಿಲೋ ಕರದಂಟನ್ನು ನಾನು ಬಿಚ್ಚಿ ಮುಂದೆ ಇಟ್ಟೆ. ತಿಂದರು. ತಿಂದ ಮೇಲೆ ಅರ್ಜುನ ನಗಲು ಶುರು ಮಾಡಿದ, ಉಳಿದವರೂ ನಕ್ಕರು. ಮಾಲಿಂಗಪ್ಪ ಮಾತ್ರ ನಗಲಿಲ್ಲ. ಮುಂಜಾನೆಯಿಂದ ಆ ಹೆಣ್ಣುಮಗಳ ಚಿಂತೆಯಲ್ಲಿ ಊಟ ಸೇರಿಲ್ಲ, ಆಕೆ ಆರಾಮ ಇರುವುದನ್ನು ಕಣ್ಣಾರೆ ನೋಡದೆ ತಾನು ಹೋಗುವುದಿಲ್ಲ ಎಂದು ಕೂತುಬಿಟ್ಟ. ಅದು ನ್ಯಾಯವಾದ ಮಾತು ಎಂದು ಉಳಿದವರಿಗೂ ಅನಿಸಿತು.

ಹೀಗಾಗಿ ನಮ್ಮ ಸೈಕಲ್ ಪ್ರವಾಸದ ಮೊದಲ ದಿನದ ಕೊನೆಯ ಇಪ್ಪತ್ತೈದು ಕಿಲೋಮೀಟರನ್ನು ನಾವು ಟ್ರ್ಯಾಕ್ಟರಿನಲ್ಲಿ ಮಾಡಿದೆವು. ಇದನ್ನು ನನ್ನ ಶಾಲೆಯ ಮಕ್ಕಳಿಗೆ ಯಾರೂ ಹೇಳಬಾರದು. ಸೈಕಲ್ಲುಗಳನ್ನು ಟ್ರಾಲಿಯ ಹಿಂದೆ ಕಟ್ಟಿ, ಗಾದಿ ಹಾಸಿ, ಅದರ ಮೇಲೆ ಮಾಲಿಂಗಪ್ಪನನ್ನು ಕೂರಿಸಿದೆವು. ಗಾದಿ ತಂದದ್ದು ಯಾಕೆಂದು ಈಗ ತಿಳಿಯಿತೇ ಎಂದು ಕಾಶಿನಾಥ ನನ್ನನ್ನು ಕೇಳಿದ. ಆಗ ಮಹಾಂತೇಶ ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಬಾಯಿಂದ ಗಾಳಿ ಬಂತು, ಮಾತು ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಸಂಪವ್ವನನ್ನು ಕರೆದು ಕರೆದು ಅವನ ಗಂಟಲು ಪೂರ್ತಿ ಕೂತುಹೋಗಿತ್ತು.

ದಾರಿಯ ಚಹದಂಗಡಿಯಲ್ಲಿ ನಿಲ್ಲಿಸಿ ಬಿಸಿನೀರು ಕುಡಿಸಿದೆವು, ಉಪ್ಪುನೀರು ಮುಕ್ಕಳಿಸಲು ಹೇಳಿದೆವು, ಮಾಲಿಂಗಪ್ಪ ತನ್ನ ಚೀಲದಿಂದ ಶುಂಠಿ ಕೊಟ್ಟ. ಏನೂ ಉಪಯೋಗವಾಗಲಿಲ್ಲ. ಎರಡು ವರ್ಷ ಧೈರ್ಯವಿಲ್ಲದೆ ಒದ್ದಾಡಿದವನಿಗೆ ಧೈರ್ಯ ಬಂದ ದಿನವೇ ದನಿ ಹೋಗಿತ್ತು. ನನಗೆ ನನ್ನ ಮೇಲೆಯೇ ವಿಪರೀತ ಸಿಟ್ಟು ಬಂತು.

ಬೆಲ್ಲದ ಬಾಗೇವಾಡಿಗೆ ಮುಟ್ಟಿದಾಗ ಐದೂಕಾಲು. ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ಪಡಸಾಲೆಯಲ್ಲಿ ಮಣೆಯ ಮೇಲೆ ಸಪ್ನಾ ಕೂತಿದ್ದಳು, ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಮಾಲಿಂಗಪ್ಪ ಬಾಗಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿ, ಗುರುತೆಲ್ಲ ಬರೋಬ್ಬರಿ ಇದೆ ಎಂದು ತಲೆಯಾಡಿಸಿ, ಹೋಗಿ ಕಂಬಕ್ಕೆ ಒರಗಿ ಕೂತ. ಮಹಾಂತೇಶನನ್ನು, ಮೈ ತುಂಬ ಮುಳ್ಳು ಮತ್ತು ಧೂಳು ಇದ್ದ ಹಾಗೆಯೇ, ಅವಳ ಬಾಜೂ ಕೂರಿಸಿದರು. ಉಡಿ ತುಂಬಿದ್ದಾಯಿತು, ಆರತಿ ಆಯಿತು. ಶೆಟ್ಟೆವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಈಗ ಅಳಿಯಂದಿರು ಒಡಪು ಹೇಳಲಿ, ಈ ಸಲ ಗಂಡನದ್ದಲ್ಲ, ಹೆಂಡತಿಯದ್ದು ಎಂದಳು.

ಮಹಾಂತೇಶ ಎದ್ದು ನಿಂತ. ಕಣ್ಣು ಮುಚ್ಚಲಿಲ್ಲ. ತುಟಿ ಸರಿಯಾಗಿಯೇ ಆಡಿದವು. ಗುಡ್ಡವನ್ನೂ ಹಳ್ಳವನ್ನೂ ನಾನು ಅವನ ತುಟಿಯಲ್ಲೇ ಓದಿದೆ, ಒಂದು ಅಕ್ಷರವೂ ತಪ್ಪಲಿಲ್ಲ. ಆದರೆ ಕೇಳಿಸಿದ್ದು ಬರೀ ಗಾಳಿ. ಹೆಂಗಸರು ಮುಸಿಮುಸಿ ನಕ್ಕರು. ಮೊದಲ ಸಲ ತಪ್ಪು ಹೆಸರಾದರೂ ಬಂದಿತ್ತು, ಈ ಸಲ ಅದೂ ಇಲ್ಲ ಎಂದಳು ಶೆಟ್ಟೆವ್ವ.

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಂಬದ ಕಡೆಯಿಂದ ಮಾಲಿಂಗಪ್ಪ ಎದ್ದ. "ಅವ್ವಾರ, ನಾ ಕೇಳೇನ್ರಿ," ಎಂದ. "ಮುಂಜಾನೆ ಗುಡ್ಡದ ಮ್ಯಾಲ ನಿಂತ ಈ ತಂಗೀ ಹೆಸರ ಎಷ್ಟ ಸಲ ಒದರ್ಯಾನ ಅಂದ್ರ, ನನ್ನ ಕುರಿ ಮೇಯೂದ ಬಿಟ್ಟ ನಿಂತಿದ್ದೂ." ಅರ್ಜುನನೂ ಅವನ ಮಂದಿಯೂ ಹೌದು ಹೌದು ಎಂದರು. ಅಷ್ಟು ಸಾಕ್ಷಿಯ ಮುಂದೆ ಶೆಟ್ಟೆವ್ವ ಮೆತ್ತಗಾದಳು. ಹಾಗಿದ್ದರೆ ಹೇಳಿದ ಲೆಕ್ಕವೇ ಆಯಿತು, ಊಟಕ್ಕೆ ಏಳ್ರಿ ಎಂದು ತೀರ್ಪು ಕೊಟ್ಟಳು. ಮಂದಿ ಏಳತೊಡಗಿದರು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು.

"ಗುಡ್ಡ ಕೇಳೇತಿ, ಕುರಿ ಕೇಳ್ಯಾವ, ನೀವೆಲ್ಲಾರೂ ಕೇಳೀರಿ," ಎಂದಳು ಸಪ್ನಾ, ತಲೆ ಎತ್ತದೆ. "ನಾ ಒಬ್ಬಾಕೀನ ಕೇಳಿಲ್ಲ."

ಎದ್ದವರು ಮತ್ತೆ ಕೂತರು. ಆಗ ಮಹಾಂತೇಶ, ನಾಲ್ಕು ಮಂದಿಯ ಮುಂದೆ ಕೆಮ್ಮಲೂ ನಾಚುವವನು, ಅಷ್ಟೂ ಮಂದಿ ನೋಡುತ್ತಿದ್ದ ಹಾಗೆ ಮೊಣಕಾಲೂರಿ, ಅವಳ ಕಿವಿಯ ಹತ್ತಿರ ಬಾಯಿ ತಂದು, ಒಡಪು ಹೇಳಿದ. ಹುಡುಗಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಗಿಸಿ ಅವನು ಹಿಂದೆ ಸರಿದ.

"ಕೇಳಿಸಲಿಲ್ಲ," ಎಂದಳು ಸಪ್ನಾ. "ಇನ್ನೊಮ್ಮೆ ಅನ್ರಿ."

ಇನ್ನೊಮ್ಮೆ ಹೇಳಿದ. ಅದೂ ಕೇಳಿಸಲಿಲ್ಲವಂತೆ. ಮೂರನೆಯದೂ ಕೇಳಿಸಲಿಲ್ಲ. ಅವಳ ಕಿವಿ ಕೆಂಪಾಗಿದ್ದವು, ಕಣ್ಣು ತುಂಬಿದ್ದವು. ಶೆಟ್ಟೆವ್ವ ತಾಳಲಾರದೆ, ಏನವ್ವಾ, ಬಸುರಿಯಾದ ಮೇಲೆ ಕಿವಿ ಮಂದವಾದವೇನು ಎಂದು ಕೇಳಿದಳು. ಆಗ್ಯಾವ, ಪೂರ್ತಿ ಮಂದ ಆಗ್ಯಾವ ಎಂದಳು ಸಪ್ನಾ. ನನಗೆ ಅಳು ಬಂತು. ಪಕ್ಕದಲ್ಲಿ ಕಾಶಿನಾಥ ನನಗಿಂತ ಮೊದಲೇ ಶುರು ಮಾಡಿದ್ದ.

ಮಹಾಂತೇಶ ನಾಲ್ಕನೆಯ ಸಲ ಬಗ್ಗಿದ. ಈ ಸಲ ಗುಡ್ಡ, ಹಳ್ಳ ಏನೂ ಇರಲಿಲ್ಲ. ಅವನ ತುಟಿ ಒಂದೇ ಸಲ ಕೂಡಿ ಬಿಟ್ಟಿದ್ದನ್ನು ನಾನು ನೋಡಿದೆ, ಬರೀ ಹೆಸರು ಹಿಡಿದು ಕರೆದಿದ್ದ.

"ಓ," ಎಂದಳು ಸಪ್ನಾ.